ಕೊನೆಯ ಸುತ್ತಿನ ಗಂಟೆ

ವಾರ್ಡೆಗೆಮ್ ಊರಿನಲ್ಲಿ ಸೈಕಲ್ ರೇಸಿನ ಬಗ್ಗೆ ಬಾಯಿ ತೆರೆಯುವ ಹಕ್ಕು ಎಲ್ಲರಿಗೂ ಇತ್ತು. ಮುಚ್ಚುವ ಅಭ್ಯಾಸ ಮಾತ್ರ ಯಾರಿಗೂ ಇರಲಿಲ್ಲ. ಅಂಥ ಊರಿನಲ್ಲೂ ಒಡಿಲೋನ್ ವೆರ್ಸ್ಟಿಖೆಲೆ ಗಂಟಲು ಸರಿಮಾಡಿಕೊಂಡರೆ ಉಳಿದವರು ಒಂದು ಗುಟುಕು ಬಿಯರ್ ಇಳಿಸುವಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದರು. ಗಾಳಿ ಎಡದಿಂದ ಬೀಸಿದರೆ ಯಾರ ಬೆನ್ನ ಹಿಂದೆ ಅಡಗಬೇಕು, ಗೆಲುವಿನ ಗೆರೆಗೆ ನುಗ್ಗುವ ಸ್ಪ್ರಿಂಟ್ ಯಾವ ದೀಪದ ಕಂಬದಿಂದ ಶುರು ಮಾಡಬೇಕು, ಕೊನೆಯ ತಿರುವಿನಲ್ಲಿ ಯಾವನ ಎದೆ ನಡುಗುತ್ತದೆ, ಎಲ್ಲವೂ ಅವನಿಗೆ ಕರತಲಾಮಲಕ. ಅವನು ಸ್ವತಃ ಸೈಕಲ್ ಹತ್ತುತ್ತಿದ್ದುದು ಬೇಕರಿಗೆ ಹೋಗಲು ಮಾತ್ರ, ಅದೂ ಎದುರುಗಾಳಿ ಇಲ್ಲದ ದಿನ.

ಊರಿಗೆ ಇದ್ದ ಒಬ್ಬನೇ ವೃತ್ತಿಪರ ಸವಾರ ಯೋರ್ಬೆನ್. ಅವನ ಅಭಿಮಾನಿ ಸಂಘಕ್ಕೆ ಒಡಿಲೋನನೇ ಅಧ್ಯಕ್ಷ. ಯೋರ್ಬೆನ್ ಕೆಟ್ಟ ಸವಾರನೇನಲ್ಲ. ಗೆಲುವಿಗೆ ಒಂದು ಗಾಲಿಯಷ್ಟು ಕಡಿಮೆ ಬೀಳುತ್ತಿದ್ದ, ಅಷ್ಟೆ, ಆದರೆ ಪ್ರತಿ ಸಲವೂ. ಒಡಿಲೋನನ ಹೆಂಡತಿ ಗೊಡೆಲೀವ ಚರ್ಚಿನ ಎದುರಿಗೆ ಕೆಫೆ ನಡೆಸುತ್ತಿದ್ದಳು. ಅದರ ಗೋಡೆಯ ತುಂಬ ಯೋರ್ಬೆನ್ ಎರಡನೆಯವನಾಗಿ ಬಂದ ಫೋಟೋಗಳು. ಎಲ್ಲದರಲ್ಲೂ ಬೇರೆ ಯಾವನೋ ಕೈ ಎತ್ತಿರುತ್ತಿದ್ದ, ಪಕ್ಕದಲ್ಲಿ ಯೋರ್ಬೆನ್ ತಲೆ ತಗ್ಗಿಸಿ ತನ್ನ ಹ್ಯಾಂಡಲ್ ನೋಡುತ್ತಿರುತ್ತಿದ್ದ.

"ನನ್ನ ಕೆಫೇಲಿ ಊರೂರಿನ ಗಂಡಸರ ಕಂಕುಳ ಪ್ರದರ್ಶನ ಇಟ್ಟಿದೀಯ," ಎಂದು ಗೊಡೆಲೀವ ಆಗಾಗ ಗೊಣಗುತ್ತಿದ್ದಳು. "ನಮ್ಮ ಹುಡುಗನ ಕಂಕುಳು ಒಂದು ಸಲನಾದ್ರೂ ನೋಡೋ ಭಾಗ್ಯ ಇದೆಯಾ?"

"ಸ್ಪ್ರಿಂಟ್ ಅಂದ್ರೆ ನಿಂಗೇನು ಗೊತ್ತು," ಎನ್ನುವುದು ಒಡಿಲೋನನ ಸಿದ್ಧ ಉತ್ತರ.

ಆಗಸ್ಟಿನಲ್ಲಿ ಐದು ದಿನ ನಡೆಯುವ ರೇಸೊಂದರ ಕೊನೆಯ ದಿನದ ಓಟ ವಾರ್ಡೆಗೆಮ್ಮಿನಲ್ಲೇ ಮುಗಿಯುತ್ತಿತ್ತು. ಸವಾರರು ದೂರದಿಂದ ಬಂದು ಊರನ್ನು ಎಂಟು ಸುತ್ತು ಹಾಕಿ, ಚರ್ಚಿನ ಮುಂದಿನ ನೇರ ದಾರಿಯಲ್ಲಿ ಸ್ಪ್ರಿಂಟ್ ಹೊಡೆಯಬೇಕು. ಉಳಿದ ಸುತ್ತುಗಳ ಸಂಖ್ಯೆಯ ತಗಡನ್ನು ಒಂದೊಂದಾಗಿ ಕಳಚುವುದು, ಒಂದೇ ಸುತ್ತು ಉಳಿದಾಗ ಹಿತ್ತಾಳೆಯ ಗಂಟೆ ಹೊಡೆಯುವುದು, ಇವೆರಡೂ ಒಡಿಲೋನನ ಪಾಲಿನ ಗೌರವ. ಯೋರ್ಬೆನ್ ಮೂಗು ಸುರಿಸಿಕೊಂಡು ಮಕ್ಕಳ ರೇಸಿಗೆ ಬರುತ್ತಿದ್ದ ಕಾಲದಿಂದ ಈ ಗಂಟೆ ಒಡಿಲೋನನದೇ. ಬೇರೆ ಊರುಗಳಲ್ಲಿ ಯೋರ್ಬೆನ್ ದೂರ ಎಣಿಸುವ ಮೀಟರ್ ನೋಡುತ್ತಿದ್ದ. ಇಲ್ಲಿ ಅದನ್ನು ನೋಡುತ್ತಲೇ ಇರಲಿಲ್ಲ. "ಮಾವನ ಗಂಟೆ ಇದೆಯಲ್ಲ, ಸಾಕು," ಎನ್ನುತ್ತಿದ್ದ. ರಕ್ತಸಂಬಂಧವಿಲ್ಲದಿದ್ದರೂ ಅವನಿಗೆ ಒಡಿಲೋನ್ ಮಾವನೇ.

ಇನ್ನೊಂದು ಸಂಪ್ರದಾಯವೂ ಇತ್ತು, ಅದು ಅಷ್ಟು ಗೌರವದ್ದಲ್ಲ. ಪಕ್ಕದೂರು ಬೆಕೆಝೇಲಿನ ಫಿರ್ಮಿನ್ ಎಂಬ ಮಾಂಸದಂಗಡಿಯವನೊಡನೆ ಒಡಿಲೋನನದು ವರ್ಷವರ್ಷದ ಬಾಜಿ. ಯೋರ್ಬೆನ್ ಗೆದ್ದರೆ ಫಿರ್ಮಿನ್ ಒಡಿಲೋನನನ್ನು ಗೊಬ್ಬರ ಹೊರುವ ಒಂಟಿಚಕ್ರದ ಕೈಗಾಡಿಯಲ್ಲಿ ಕೂರಿಸಿ ಚರ್ಚಿಗೆ ಒಂದು ಸುತ್ತು ತಳ್ಳಬೇಕು. ಸೋತರೆ ಒಡಿಲೋನ್ ಫಿರ್ಮಿನ್‌ನನ್ನು ತಳ್ಳಬೇಕು. ಫಿರ್ಮಿನ್ ವರ್ಷವರ್ಷವೂ ದಪ್ಪಗಾಗುತ್ತಿದ್ದ. ಗಾಡಿಯಲ್ಲಿ ಕೂರುವ ರೂಢಿ ಅವನಿಗೆ ಎಷ್ಟಾಗಿತ್ತೆಂದರೆ ಈಗೀಗ ಮನೆಯಿಂದ ಸ್ವಂತ ದಿಂಬು ತರುತ್ತಿದ್ದ.

ಈ ವರ್ಷ ಒಡಿಲೋನನಿಗೆ ಒಂದು ಜ್ಞಾನೋದಯವಾಯಿತು. ಹೇಗೂ ತಳ್ಳುವುದು ತಪ್ಪಿದ್ದಲ್ಲ; ತಳ್ಳಿದ ಸೊಂಟನೋವಿಗೆ ಎಣ್ಣೆಯ ಖರ್ಚಾದರೂ ಹುಟ್ಟಲಿ ಎಂದು. ಓಟದ ದಿನ ಬೆಳಗ್ಗೆ, ಊರೆಲ್ಲ ಪ್ರಾರ್ಥನೆಗೆಂದು ಚರ್ಚಿನೊಳಗೆ ಇದ್ದಾಗ, ಬಾಜಿ ಕಟ್ಟಿಸಿಕೊಳ್ಳುವ ಝುಲ್ಮಾ ಮುದುಕಿ ರಸ್ತೆ ಬದಿಗೆ ಕರಿಹಲಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ದರ ಬರೆಯುತ್ತಿದ್ದಳು. ಒಡಿಲೋನ್ ಹಿಂದೆಮುಂದೆ ನೋಡಿಕೊಂಡು ಅವಳ ಹತ್ತಿರ ಹೋದ.

"ಹಾಲೆಂಡಿನವನ ಮೇಲೆ," ಎಂದ, ತುಟಿ ಅಲ್ಲಾಡಿಸದೆ.

"ಏನು? ಜೋರಾಗಿ ಹೇಳು, ನಂಗೆ ಕಿವಿ ಮಂದ."

"ಟೈಮೆನ್ ಮೇಲೆ ಅಂದೆ. ಮೆತ್ತಗೆ ಮಾತಾಡು ಮಾರಾಯ್ತಿ."

"ಯಾಕೆ, ನಿಮ್ಮ ಯೋರ್ಬೆನ್‌ಗೆ ಏನಾಯ್ತು? ಜ್ವರಾನಾ?"

"ಚೆನ್ನಾಗೇ ಇದಾನೆ. ಎರಡನೇ ಸ್ಥಾನಕ್ಕೆ ಎಷ್ಟು ಬೇಕೋ ಅಷ್ಟು ಚೆನ್ನಾಗಿದಾನೆ." ಒಡಿಲೋನ್ ನೋಟುಗಳನ್ನು ಅವಳ ಅಂಗೈಗೆ ಒತ್ತಿ ಕಣ್ಣು ಹೊಡೆದ. "ಇದು ನಮ್ಮಿಬ್ಬರಲ್ಲೇ ಇರಲಿ. ಗೆದ್ರೆ ನಾಳೆ ನಿನ್ನ ಮನೆಗೇ ಬಂದು ಇಸ್ಕೋತೀನಿ."

"ಕಣ್ಣು ಹೊಡೆಯೋದಕ್ಕೆಲ್ಲ ನನ್ನ ಹಲಗೇಲಿ ದರ ಇಲ್ಲ," ಎಂದಳು ಝುಲ್ಮಾ.

ಆ ಮಾತನ್ನು ಒಡಿಲೋನ್ ಮುದುಕಿಯ ಸರಸವೆಂದು ತಿಳಿದು ನಕ್ಕ. ಈ ಊರಿನಲ್ಲಿ ಚರ್ಚಿಗೆ ಹೋಗದವನಿಗೆ ಕ್ಷಮೆಯುಂಟು, ಸ್ವಂತ ಹುಡುಗನ ಎದುರು ಬಾಜಿ ಕಟ್ಟಿದವನಿಗೆ ಇಲ್ಲ. ಗೊತ್ತಾದರೆ ಅಧ್ಯಕ್ಷಗಿರಿ ಹೋಗುತ್ತದೆ, ಗಂಟೆ ಹೋಗುತ್ತದೆ, ಯೋರ್ಬೆನ್ ಎದುರು ಮುಖ ಎತ್ತುವಂತಿಲ್ಲ. ಅದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇದು ದ್ರೋಹವಲ್ಲ, ವಿದ್ವತ್ತು ಎಂದು ತನಗೆ ತಾನೇ ಹೇಳಿಕೊಂಡ. ವಿದ್ವಾಂಸರಿಗೆ ಇಂಥ ಪದಗಳು ಬೇಗ ಸಿಗುತ್ತವೆ.

ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಎರಡೂ ಬದಿ ಜನ ತುಂಬಿತು. ಕರಿದ ಆಲೂಗಡ್ಡೆಯ ವಾಸನೆ, ಚೆಲ್ಲಿದ ಬಿಯರು, ಬ್ಯಾಂಡಿನವರ ಅಪಸ್ವರ. ಒಡಿಲೋನ್ ಸಂಘದ ಹಳದಿ ಟೋಪಿ ಧರಿಸಿ ಗಂಟೆಯ ಪಕ್ಕದ ಮರದ ಅಟ್ಟಣೆ ಹತ್ತಿದ. ಕೆಳಗೆ ಫಿರ್ಮಿನ್ ಆಗಲೇ ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಿ, ಅದರಲ್ಲಿ ದಿಂಬು ಇಟ್ಟು ತಟ್ಟುತ್ತಿದ್ದ.

"ಚಕ್ರಕ್ಕೆ ಎಣ್ಣೆ ಬಿಟ್ಟಿದೀನಿ ಒಡಿಲೋನ್. ಹೋದ ವರ್ಷ ನೀನು ಕಿರುಗುಟ್ಟಿದ್ದೋ ಗಾಡಿ ಕಿರುಗುಟ್ಟಿದ್ದೋ ಗೊತ್ತಾಗ್ಲೇ ಇಲ್ಲ."

"ನಗು, ನಗು. ಇವತ್ತು ನೀನೇ ತಳ್ಳೋದು," ಎಂದು ಒಡಿಲೋನ್ ಊರಿಗೆಲ್ಲ ಕೇಳುವಂತೆ ಹೇಳಿದ. ಸುಳ್ಳಿನ ಪಾಪ ತಟ್ಟದಿರಲೆಂದು ಜೇಬಿನಲ್ಲಿ ಬೆರಳಿನ ಮೇಲೆ ಬೆರಳು ಹೆಣೆದುಕೊಂಡಿದ್ದ.

ಸವಾರರು ಬಂದರು. ಮೊದಲ ಸುತ್ತುಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಡಿಲೋನ್ ತಗಡು ಕಳಚುತ್ತ, ಪಕ್ಕದಲ್ಲಿ ನಿಂತವರಿಗೆ ಪಾಠ ಹೇಳುತ್ತ ಇದ್ದ. ಟೈಮೆನ್ ತನ್ನ ತಂಡದವರ ನಡುವೆ ಗಾಳಿ ತಾಗದಂತೆ ಕುಳಿತಿದ್ದ. ಒಡಿಲೋನನ ಹೊಟ್ಟೆಗೆ ತಂಪೆನಿಸಿತು. ಎಲ್ಲ ಅವನ ಲೆಕ್ಕದಂತೆಯೇ ನಡೆಯುತ್ತಿತ್ತು. ರೇಸಿನ ಮುಖ್ಯ ತೀರ್ಪುಗಾರ ಹಿಂದಿನ ಕಾರಿನಲ್ಲಿದ್ದ. ಗೆರೆಯ ಬಳಿ ಎಣಿಕೆಯ ಹೊಣೆ ಒಡಿಲೋನನದು ಮಾತ್ರ.

ಇನ್ನೂ ಎರಡು ಸುತ್ತು ಉಳಿದಿದ್ದಾಗ ಎಡವಟ್ಟಾಯಿತು. ಗುಂಪು ಬೇಕರಿಯ ತಿರುವಿನಿಂದ ನೇರ ದಾರಿಗೆ ಬಿತ್ತು. ಮುಂದಿನಿಂದ ನಾಲ್ಕನೆಯವನು ಯೋರ್ಬೆನ್. ಬೆನ್ನು ಬಾಗಿ ಹಲಗೆಯಂತೆ ಸಮನಾಗಿತ್ತು, ಮೊಣಕೈ ಒಳಗೆ, ತಲೆ ಕೆಳಗೆ, ತುಟಿ ಬಿಗಿ. ಇಷ್ಟು ವರ್ಷ ಒಡಿಲೋನ್ ಕೆಫೆಯ ಮೇಜು ಕುಟ್ಟಿ ಹೇಳುತ್ತಿದ್ದುದನ್ನೆಲ್ಲ ಆ ಹುಡುಗ ಇಂದು ಮಾಡುತ್ತಿದ್ದ. ಇವನು ಗೆಲ್ಲುತ್ತಾನೆ ಎಂದು ಒಡಿಲೋನನಿಗೆ ಖಾತ್ರಿಯಾಯಿತು. ಬೆಳಗಿನ ಬಾಜಿ ಮರೆತುಹೋಯಿತು, ಝುಲ್ಮಾ ಮರೆತುಹೋದಳು, ಫಿರ್ಮಿನ್‌ನ ದಿಂಬೂ ಮರೆತುಹೋಯಿತು. ಕಣ್ಣು ಮಂಜಾಯಿತು. ಕೈ ತಾನಾಗಿ ಹಗ್ಗಕ್ಕೆ ಹೋಯಿತು.

ಗಂಟೆ ಹೊಡೆದ. ಹೊಡೆದೇ ಹೊಡೆದ. ಹೊಡೆಯುತ್ತಲೇ ಇನ್ನೊಂದು ಕೈಯಿಂದ ಒಂದರ ಬದಲು ಎರಡು ತಗಡು ಕಿತ್ತ. "ಕೊನೇ ಸುತ್ತು ಕಣೋ ಮಗನೇ, ಬಿಡಬೇಡ," ಎಂದು ಕೂಗಿದ ಗಂಟಲು ಅಲ್ಲೇ ಒಡೆಯಿತು.

ಯೋರ್ಬೆನ್ ಬಿಡಲಿಲ್ಲ. ಆ ಸುತ್ತಿನ ಕೊನೆಗೆ ಗುಂಪು ನೇರ ದಾರಿಗೆ ಬಂದಾಗ ಅವನು ಒಡಿಲೋನ್ ಯಾವಾಗಲೂ ಹೇಳುತ್ತಿದ್ದ ದೀಪದ ಕಂಬದಿಂದಲೇ ಸ್ಪ್ರಿಂಟ್ ಶುರು ಮಾಡಿದ. ಎಲ್ಲರಿಗಿಂತ ಒಂದು ಗಾಲಿ ಮುಂದೆ ಗೆರೆ ದಾಟಿ, ಎರಡೂ ಕೈ ಎತ್ತಿದ. ಊರು ಹುಚ್ಚೆದ್ದಿತು. ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಹಾಡು ನುಡಿಸಿದರು. ಯೋರ್ಬೆನ್‌ನ ಅಜ್ಜಿ ಹಗ್ಗದ ಕೆಳಗೆ ನುಸುಳಿ ಬಂದು ಅವನ ಬೆವರುಮುಖ ಹಿಡಿದುಕೊಂಡಳು. ಅಟ್ಟಣೆಯ ಮೇಲೆ ಒಡಿಲೋನ್ ಟೋಪಿಯಿಂದ ಕಣ್ಣೊರೆಸಿಕೊಂಡು ಮಗುವಿನಂತೆ ಅತ್ತ. ಅದು ಸುಳ್ಳು ಅಳುವಲ್ಲ. ಆ ಮನುಷ್ಯನ ಬಗ್ಗೆ ಬೇರೆ ಏನು ಹೇಳಿದರೂ ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಟೈಮೆನ್ ನಿಂತಿರಲಿಲ್ಲ. ಹಾಲೆಂಡಿನ ಆ ಮನುಷ್ಯನಿಗೆ ಈ ಊರಿನ ಗಂಟೆಯ ಮೇಲೆ ಪ್ರೀತಿಯೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಹ್ಯಾಂಡಲಿನ ಮೇಲೆ ಮೀಟರ್ ಇತ್ತು. ಸ್ಪ್ರಿಂಟಿಗೆ ಕೈಹಾಕದೆ ಹಿಂದೆ ಕುಳಿತಿದ್ದವನು, ಸುಸ್ತಾಗಿ ನಿಂತವರ ನಡುವೆ ತನ್ನ ಇಬ್ಬರು ಗೆಳೆಯರೊಡನೆ ನುಸುಳಿ, ಸುತ್ತಿನ ದಾರಿಯಲ್ಲೇ ಬೆಕೆಝೇಲಿನ ಕಡೆಗೆ ತಿರುಗಿ ಮಾಯವಾದ. ಹಿಂದಿನ ಕಾರಿನಿಂದ ತೀರ್ಪುಗಾರ ಕಿಟಕಿಯಾಚೆ ಅರ್ಧ ಹೊರಬಂದು ಕೈ ಬೀಸುತ್ತಿದ್ದ. "ಇನ್ನೂ ಒಂದು ಸುತ್ತು ಇದೆ. ಯಾವನಯ್ಯ ಗಂಟೆ ಹೊಡೆದವನು?"

ಯೋರ್ಬೆನ್ ಅಜ್ಜಿಯ ಕೈ ಬಿಡಿಸಿಕೊಂಡು ಮತ್ತೆ ಪೆಡಲ್ ತುಳಿದ. ಆದರೆ ಕಾಲಿನಲ್ಲಿದ್ದುದನ್ನೆಲ್ಲ ಅವನು ಆಗಲೇ ಖರ್ಚು ಮಾಡಿದ್ದ. ಟೈಮೆನ್ ಸುತ್ತು ಮುಗಿಸಿ ಬಂದು ಆರಾಮವಾಗಿ ಗೆರೆ ದಾಟಿದ. ಸುತ್ತಿನ ಲೆಕ್ಕ ನಿಯಮಪುಸ್ತಕದಲ್ಲಿದ್ದದ್ದೇ ಅಂತಿಮ, ಗಂಟೆ ನಂಬಿದವರ ಹಣೆಬರಹ ಅವರವರದು ಎಂದು ತೀರ್ಪುಗಾರ ಕೈತೊಳೆದುಕೊಂಡ.

ಒಡಿಲೋನ್ ಅಟ್ಟಣೆಯಿಂದ ಇಳಿಯುವಷ್ಟರಲ್ಲಿ ಜನ ಸುತ್ತುಗಟ್ಟಿದ್ದರು.

"ತಗಡಿಗೆ ತುಕ್ಕು ಹಿಡಿದಿತ್ತು," ಎಂದ ಒಡಿಲೋನ್. "ಎರಡೂ ಅಂಟಿಕೊಂಡು ಬಂದ್ವು. ಆ ತೀರ್ಪುಗಾರ ಕಾರಲ್ಲಿ ನಿದ್ದೆ ಹೊಡೀತಿದ್ದ."

"ಗಂಟೆಗೂ ತುಕ್ಕು ಹಿಡಿದಿತ್ತಾ?" ಎಂದ ಯಾವನೋ.

ಜನ ಬಯ್ಯುತ್ತಿದ್ದರು, ಆದರೆ ತಮ್ಮವನನ್ನು ಬಯ್ಯುವ ಹಾಗೆ ಬಯ್ಯುತ್ತಿದ್ದರು. ಇನ್ನೊಂದೆರಡು ಬಿಯರಿನಲ್ಲಿ ಅದು ನಗೆಯಾಗಿಬಿಡುತ್ತಿತ್ತು. ಅಷ್ಟರಲ್ಲಿ ರಸ್ತೆಯಾಚೆಯಿಂದ ಝುಲ್ಮಾಳ ದನಿ ಕೇಳಿಸಿತು. ಬಾಜಿ ಗೆದ್ದವನ ಹೆಸರು ಕೂಗಿ, ಎಲ್ಲರ ಕಣ್ಣೆದುರೇ ದುಡ್ಡು ಕೊಡುವುದು ಅವಳು ಪ್ರಾಯದಿಂದಲೂ ನಡೆಸಿಕೊಂಡು ಬಂದ ಪದ್ಧತಿ. ಅದರಿಂದಲೇ ಅವಳನ್ನು ಜನ ನಂಬುತ್ತಿದ್ದುದು.

"ಒಡಿಲೋನ್ ವೆರ್ಸ್ಟಿಖೆಲೆ. ಹಾಲೆಂಡಿನವನ ಮೇಲೆ ಕಟ್ಟಿದ್ದು. ಬಂದು ತಗೊಂಡು ಹೋಗು."

ಬ್ಯಾಂಡು ನಿಂತಿತು. ಯಾರೂ ಬರದಿದ್ದಾಗ ಝುಲ್ಮಾ ತಾನೇ ರಸ್ತೆ ದಾಟಿ ಬಂದು, ನೋಟಿನ ಸುರುಳಿಯನ್ನು ಅವನ ಕೈಯಲ್ಲಿ ತುರುಕಿ, ಬಂದ ದಾರಿಯಲ್ಲೇ ಹೋದಳು.

ಮೊದಲು ಬಾಯಿಬಿಟ್ಟವನು ಫಿರ್ಮಿನ್. "ಒಂದು ಮಾತು ಹೇಳಿಬಿಡು ಒಡಿಲೋನ್. ಒಂದೋ ನೀನು ಕಳ್ಳ, ಇಲ್ಲಾ ನಿಂಗೆ ಎರಡರವರೆಗೆ ಎಣಿಸೋಕೆ ಬರಲ್ಲ. ಯಾವುದು?"

ಗೊಡೆಲೀವ ಗಂಡನ ತೋಳು ಹಿಡಿದೆಳೆದಳು. ಅವಳ ಮುಖ ಕೆಂಪಾಗಿತ್ತು, ಆದರೂ ದನಿ ತಗ್ಗಿಸಿಯೇ ಹೇಳಿದಳು. "ಎಣಿಕೆ ತಪ್ತು ಅಂತ ಹೇಳು. ನೀನು ಅಳ್ತಾ ಇದ್ದದ್ದು ನಾನು ನೋಡಿದೀನಿ. ಹೇಳಿಬಿಡೋ."

ಹೇಳಬಹುದಿತ್ತು. ನಾಲ್ಕು ದಿನ ಊರು ಛೀಮಾರಿ ಹಾಕುತ್ತಿತ್ತು, ಐದನೆಯ ದಿನ ಹೊಟ್ಟೆ ಹಿಡಿದು ನಗುತ್ತಿತ್ತು. ಆದರೆ ಒಡಿಲೋನನ ಕಣ್ಣ ಮುಂದೆ ಆ ನಗು ಬಂದು ನಿಂತಿತು. ಇನ್ನು ಮುಂದೆ ಗಾಳಿಯ ಬಗ್ಗೆ, ತಿರುವಿನ ಬಗ್ಗೆ ಬಾಯಿ ತೆರೆದಾಗಲೆಲ್ಲ ಯಾವನೋ ಒಬ್ಬ ಎರಡು ಬೆರಳು ಎತ್ತಿ ತೋರಿಸಿ, ಇದೆಷ್ಟು ಹೇಳು ಎಂದು ಕೇಳುತ್ತಾನೆ. ಕಳ್ಳನಾಗಿ ಬದುಕಬಹುದು. ದಡ್ಡನಾಗಿ ಬದುಕುವುದು ಅವನಿಂದಾಗದ ಕೆಲಸ.

"ಬೇಕಂತಲೇ ಹೊಡೆದೆ," ಎಂದ ಒಡಿಲೋನ್, ಗದ್ದ ಎತ್ತಿ. "ಸ್ಪ್ರಿಂಟ್ ಗೆಲ್ಲೋದು ಕಾಲಿಂದ ಅಲ್ಲ, ತಲೆಯಿಂದ. ನಂಗೆ ಎಣಿಸೋಕೆ ಬರಲ್ವಾ? ಇಡೀ ರೇಸು ನನ್ನ ಒಂದು ಕೈಯಲ್ಲಿತ್ತು."

ಬೆಕೆಝೇಲಿನವರ ಗುಂಪಿನಿಂದ ಒಂದು ಸಿಳ್ಳೆ ಬಂತು, ಅದರಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು. ವಾರ್ಡೆಗೆಮ್ಮಿನವರು ಹಿಂದೆ ಸರಿದರು. ಗೊಡೆಲೀವ ಅವನ ತೋಳು ಬಿಟ್ಟಳು. ಅವನ ಬೆನ್ನ ಹಿಂದೆ ಯೋರ್ಬೆನ್ ಸೈಕಲ್ ಹಿಡಿದು ನಿಂತಿದ್ದ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಂಗಾದ್ರೆ ಸರಿ ಮಾವ," ಎಂದ. "ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನು ಅಂದ್ಕೊಂಡಿದ್ದೆ?"

"ನನ್ನ ನೋಡಿ ಖುಷಿಗೆ ನಿಂಗೆ ಲೆಕ್ಕ ತಪ್ತು ಅಂತ. ಅಜ್ಜಿಗೂ ಅದನ್ನೇ ಹೇಳಿದೆ. ಮಾವಂಗೆ ನನ್ನ ಮೇಲೆ ಅಷ್ಟು ನಂಬಿಕೆ ಇತ್ತು ನೋಡು ಅಂತ. ಸೋತದ್ದು ಅಷ್ಟೇನೂ ಬೇಜಾರಾಗಿರ್ಲಿಲ್ಲ."

ಒಡಿಲೋನ್ ಅವನ ಕಡೆ ಒಂದು ಹೆಜ್ಜೆ ಇಟ್ಟ. "ಅದೇ ಕಣೋ ನಿಜ. ಲೆಕ್ಕ ತಪ್ಪಿದ್ದೇ. ದೇವರಾಣೆ, ನಿನ್ನ ಬೆನ್ನು ನೋಡ್ತಾ ನೋಡ್ತಾ ನಂಗೆ ಎಲ್ಲಾ ಮರೆತುಹೋಯ್ತು."

ಯೋರ್ಬೆನ್ ಅವನ ಮುಖ ನೋಡಿದ, ಆಮೇಲೆ ಅವನ ಕೈಯಲ್ಲಿದ್ದ ನೋಟಿನ ಸುರುಳಿ ನೋಡಿದ. ಸೈಕಲ್ ತಳ್ಳಿಕೊಂಡು ಅಜ್ಜಿಯ ಮನೆಯ ಕಡೆ ಹೋದ. ಜನ ಅವನಿಗೆ ದಾರಿ ಬಿಟ್ಟರು, ಆಮೇಲೆ ಒಡಿಲೋನನ ಸುತ್ತ ಮತ್ತೆ ಕೂಡಿಕೊಳ್ಳಲಿಲ್ಲ.

ಫಿರ್ಮಿನ್ ಗಾಡಿಯೊಳಗೆ ಇಳಿದು ದಿಂಬಿಗೆ ಒರಗಿದ. ಬಾಜಿ ಬಾಜಿಯೇ. ಒಡಿಲೋನ್ ನೋಟು ಜೇಬಿಗೆ ಹಾಕಿಕೊಂಡು ಹಿಡಿಗಳನ್ನು ಎತ್ತಿದ.

"ಚರ್ಚಿಗೆ ಒಂದು ಸುತ್ತು," ಎಂದ ಫಿರ್ಮಿನ್. "ನೀನು ತಳ್ಳು ಸಾಕು. ಎಣಿಸೋದು ನಾನು ನೋಡ್ಕೋತೀನಿ."