ಎರಡನೇ ಬಟನ್ನು

ಬಾಗಿಲಣ್ಣ ದಿನವಿಡೀ ಆಡುತ್ತಿದ್ದ ಮಾತು ಒಂದೇ: "ಮುಟ್ಬೇಡಿ ಸಾರ್." ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಿಂತೇ ಇರಬೇಕು. ಕಾವಲುಗಾರ ಕೂತರೆ ಕಂಪನಿಯ ಮರ್ಯಾದೆ ಹೋಗುತ್ತದಂತೆ. ಸಂಜೆಗೆ ಮಂಡಿ ಊದಿ ಪ್ಯಾಂಟು ಬಿಗಿಯುತ್ತಿತ್ತು. ಇದೇ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಚಿಕ್ಕ ಕಾರಿಗೆ ಬಾಗಿಲು ಕೂರಿಸಿದವನು ಅವನು. ಹೆಸರು ಬಂದದ್ದೂ ಹಾಗೆಯೇ. ಈಗ ಆ ಕಾರು ನಿಂತುಹೋಗಿ ಶೆಡ್ಡು ಮ್ಯೂಸಿಯಂ ಆಗಿತ್ತು. ತಾನು ಕೂರಿಸಿದ ಬಾಗಿಲನ್ನು ತಾನೂ ಮುಟ್ಟುವಂತಿರಲಿಲ್ಲ.

ಒಂಬತ್ತು ಕಾರು ಸಾಲಾಗಿ ನಿಂತಿದ್ದವು. ಒಂದೊಂದರ ಹಿಂದೆಯೂ ಫಲಕ. ಮೊದಲ ವರ್ಷ: ಸ್ಕೂಲ್ ಮೇಷ್ಟ್ರಿಗೂ ದರ್ಜಿಗೂ ಎಟುಕುವ ಕಾರು. ನಾಲ್ಕನೇ ವರ್ಷ: ಹೊಸ ಬಾನೆಟ್ಟು. ಹನ್ನೊಂದನೇ ವರ್ಷ: ನಮ್ಮ ಕಾರ್ಮಿಕರ ಉತ್ಸಾಹದಿಂದ ಉತ್ಪಾದನೆ ದುಪ್ಪಟ್ಟು. ಈ ಫಲಕದ ಎದುರು ಬಂದಾಗಲೆಲ್ಲ ಬಾಗಿಲಣ್ಣ ಮುಖ ತಿರುಗಿಸುತ್ತಿದ್ದ.

ಮನೆಯಲ್ಲೂ ಮಾತಿಗೆ ಯಾರಿಲ್ಲ. ಹೆಂಡತಿ ತೀರಿಕೊಂಡು ಏಳು ವರ್ಷ. ಒಂದೇ ಕೋಣೆ, ಒಬ್ಬನಿಗೆ ಬೇಯಿಸಿ, ಗೋಡೆ ನೋಡುತ್ತ ಉಂಡು ಮಲಗುತ್ತಿದ್ದ. ಜೊತೆಯವರು ದಿಕ್ಕಿಗೊಬ್ಬರಾಗಿದ್ದರು. ಪ್ರೆಸ್ ಯಂತ್ರದಲ್ಲಿ ಕಾರಿನ ತಗಡು ಒತ್ತುತ್ತಿದ್ದ ಉದ್ದಣ್ಣ ಜೀವದ ಗೆಳೆಯ. ಅವನೂ ಹದಿನೇಳು ವರ್ಷದಿಂದ ಮಾತು ಬಿಟ್ಟಿದ್ದ. ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಒಂದು ಮಂಗಳವಾರ ಉದ್ದಣ್ಣನ ಹೆಂಡತಿ ಟಿಕೆಟ್ಟು ಹಿಡಿದು ಒಳಗೆ ಬಂದಳು.

"ಅತ್ತಿಗೆ! ಉದ್ದಣ್ಣ ಹೇಗಿದಾನೆ?"

"ಹೋಗಿ ತಿಂಗಳಾಯ್ತು. ಯಾರೂ ಹೇಳ್ಲಿಲ್ವಾ?"

ಹೇಳುವವರಾದರೂ ಯಾರಿದ್ದರು?

ಅವಳು ಹನ್ನೊಂದನೇ ವರ್ಷದ ಫಲಕವನ್ನು ನಿಧಾನವಾಗಿ ಓದಿದಳು. "ಉತ್ಸಾಹ ಅಂತೆ! ಅವರ ಕೈ ಹೋಗಿದ್ದು ಇದೇ ವರ್ಷ ಅಲ್ವಾ?"

"ಹೂಂ."

"ಕಂಪನಿ ಕಾಗದದಲ್ಲಿ 'ಸ್ವಂತ ಅಜಾಗರೂಕತೆ' ಅಂತಿದೆ. 'ನನ್ನ ತಪ್ಪಲ್ಲ ಕಣೇ' ಅಂತ ಸಾಯೋವರೆಗೂ ಹೇಳ್ತಿದ್ರು. ಆ ಕಾಗದಕ್ಕೆ ಸಾಕ್ಷಿ ಸಹಿ ನಿಮ್ದು. ಅದರಲ್ಲಿರೋದು ನಿಜವಾ? ಅದನ್ನ ಕೇಳೋಕೇ ಬಂದೆ."

ಸುತ್ತ ಹತ್ತಾರು ಜನರಿದ್ದರು.

"ಸುಳ್ಳು, ಅತ್ತಿಗೆ. ಪ್ರೆಸ್ಸಿಗೆ ಎರಡು ಬಟನ್ನು. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದ್ರೆ ಮಾತ್ರ ಅದು ಇಳೀಬೇಕು, ಕೈ ಹೊರಗಿರ್ಲಿ ಅಂತ. ಆ ವರ್ಷ ಕಾರಿಗೆ ಜನ ಮುಗಿಬಿದ್ರು. ಸೂಪರ್‌ವೈಸರ್ ಎರಡನೇ ಬಟನ್ನನ್ನ ಒತ್ತಿಟ್ಟು ಟೇಪು ಸುತ್ತಿಸಿದ. ಒಂದು ಕೈಯಲ್ಲಿ ಬಟನ್ನು ಒತ್ತು, ಇನ್ನೊಂದರಲ್ಲಿ ತಗಡು ತಳ್ಳು ಅಂದ. ಉದ್ದಣ್ಣ ಆಗಲ್ಲ ಅಂದ. ಹಾಗಾದ್ರೆ ಮನೆಗೆ ಹೋಗು ಅಂದ್ರು. ಮೂರನೇ ದಿನ ಕೈ ಹೋಯ್ತು. ತಗಡು ತರೋಕೆ ಹೋಗಿದ್ದ ನಾನು ಕಣ್ಣಾರೆ ನೋಡಿದೆ. ಅವನನ್ನ ಆಸ್ಪತ್ರೆಗೆ ಸಾಗಿಸೋ ಮೊದಲೇ ಟೇಪು ಕಿತ್ತು ಹಾಕಿದ್ರು."

"ನೋಡಿಯೂ ಸಹಿ ಹಾಕಿದ್ರಾ?"

"ಹಾಕಿದೆ. ನನ್ನನ್ನೂ ಮನೆಗೆ ಕಳಿಸ್ತಾರೆ ಅಂತ ಹೆದರಿ..."

ಅವಳು ಅಳಲಿಲ್ಲ. "ಬರ್ದು ಕೊಡಿ" ಎಂದಳು.

ಬಂದವರ ಅಭಿಪ್ರಾಯಕ್ಕೆಂದು ಮೇಜಿನ ಮೇಲಿಟ್ಟಿದ್ದ ಪುಸ್ತಕವನ್ನು ಬಾಗಿಲಣ್ಣ ಎಳೆದುಕೊಂಡ. ಅಷ್ಟರಲ್ಲಿ ಮ್ಯೂಸಿಯಂ ಮ್ಯಾನೇಜರು ಓಡಿಬಂದ.

"ಏನಯ್ಯಾ ಅದು? ತಲೆ ಕೆಟ್ಟಿದೆಯಾ ನಿಂಗೆ?"

"ಬರೀಲಿ ಬಿಡ್ರೀ" ಎಂದ, ನೋಡಲು ಬಂದಿದ್ದ ಒಬ್ಬ ಬೋಳುತಲೆಯ ಮುದುಕ. "ನಾನು ಪೇಂಟ್ ಶಾಪಿನವನು. ಮೂಗಿಗೆ ಒಂದು ಬಟ್ಟೆ ಚೂರೂ ಕೊಡದೆ ದುಡಿಸಿದ್ರಿ ನಮ್ಮನ್ನ. ಅವನದಾದ ಮೇಲೆ ನಾನೂ ಬರೀಬೇಕು."

ಜನ ಒತ್ತಿಕೊಂಡು ನಿಂತರು. ಮ್ಯಾನೇಜರಿಗೆ ದಾರಿ ಸಿಗಲಿಲ್ಲ. ಬಾಗಿಲಣ್ಣ ಸೊಟ್ಟ ಅಕ್ಷರದಲ್ಲಿ ಎಲ್ಲವನ್ನೂ ಬರೆದು, ಸಹಿ ಹಾಕಿ, ಹಾಳೆ ಹರಿದು ಅತ್ತಿಗೆಯ ಕೈಗಿಟ್ಟ.

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!" ಎಂದು ಮ್ಯಾನೇಜರು ಕೂಗಿದ.

"ಬರ್ತೀನಿ ಸಾರ್. ಗೇಟಿನ ಹೊರಗೆ ನಿಂತು ಬಂದೋರಿಗೆಲ್ಲ ಇದನ್ನೇ ಹೇಳ್ತೀನಿ. ರಸ್ತೆ ನಿಮ್ದಲ್ವಲ್ಲ."

ಮರುದಿನ ಗೇಟಿನೆದುರು ಅವನು ಒಂದು ಗಂಟೆ ಒಬ್ಬನೇ ನಿಂತಿದ್ದ. ಜನ ಅವನ ಪಕ್ಕದಿಂದ ಹಾದು ಟಿಕೆಟ್ಟಿನ ಸಾಲಿಗೆ ಹೋಗುತ್ತಿದ್ದರು. ಬಾಯಿ ತೆರೆಯಲು ಧೈರ್ಯ ಬರಲೊಲ್ಲದು. ಆಗ ಅತ್ತಿಗೆ ಬಂದಳು. ಹಿಂದೆ ಪೇಂಟ್ ಶಾಪಿನ ಮುದುಕ, ಅವನ ಜೊತೆ ಇನ್ನೂ ನಾಲ್ವರು.

"ನಿಮ್ಮನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ" ಎಂದಳು ಅವಳು.

"ಇಲ್ಲ ಅತ್ತಿಗೆ."

"ಸರಿ, ಹೇಳಿ ಮತ್ತೆ. ಆ ಸಾಲಿನ ಕೊನೇಲಿರೋರಿಗೂ ಕೇಳಿಸ್ಬೇಕು."