ಸ್ಕ್ವೇರ್ ಲೆಗ್‌ನಲ್ಲಿ ನಿಂತವರು

ಕ್ಲೆಮ್ ಪೆಂಗೆಲ್ಲಿ ತನ್ನ ಬೌಲಿಂಗನ್ನು ತಾನೇ ಕಣ್ಣಾರೆ ಕಂಡದ್ದು ಎಪ್ಪತ್ತನೆಯ ವಯಸ್ಸಿನಲ್ಲಿ, ಒಂದು ಗುರುವಾರ ಸಂಜೆ, ಪೆನ್‌ಹೇಲ್ ಊರಿನ ನೆಟ್ಸ್ ಪಕ್ಕ ನಿಂತು.

ಬೌಲ್ ಮಾಡುತ್ತಿದ್ದವಳು ಮೊಮ್ಮಗಳು ಟೀಗನ್. ಹದಿನೇಳರ ಹುಡುಗಿ, ಊರಿನ ಗಂಡಸರ ತಂಡದಲ್ಲೇ ಹೊಸ ಚೆಂಡು ಹಿಡಿಯುವವಳು. ಮುಂದಿನ ಬುಧವಾರ ರಾಜ್ಯದ ಹೆಂಗಸರ ತಂಡದ ಆಯ್ಕೆಗೆ ಅಡಿಲೇಡಿಗೆ ಬಾ ಎಂದು ಪತ್ರ ಬಂದು ಎರಡು ದಿನವಾಗಿತ್ತು. ಕ್ಲೆಮ್ ಯಾವಾಗಲೂ ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದವನು, ಅವತ್ತು ಬಿಸಿಲು ಕಣ್ಣಿಗೆ ಹೊಡೆಯಿತೆಂದು ಪಕ್ಕಕ್ಕೆ ಸರಿದ. ಆದದ್ದು ಅಷ್ಟೇ. ನಿಧಾನದ ಚೆಂಡುಗಳಲ್ಲಿ ಏನೂ ಇರಲಿಲ್ಲ. ಜೋರಿನ ಚೆಂಡಿಗೆ ಮಾತ್ರ ಮೊಣಕೈ ಮಡಚಿಕೊಂಡು, ಬಿಡುವ ಹೊತ್ತಿಗೆ ಪಟ್ಟನೆ ನೆಟ್ಟಗಾಗುತ್ತಿತ್ತು. ನಾಯಿಗೆ ಕಲ್ಲು ಬೀಸುವ ಕೈ. ಬೌಲಿಂಗ್ ಅಲ್ಲ ಅದು.

ಓಡಿ ಬರುವ ರೀತಿ, ಭುಜ ತಿರುಗುವ ರೀತಿ, ಕೊನೆಗೆ ಹುಲ್ಲಿನ ಮೇಲೆ ಎಳೆದುಕೊಂಡು ಹೋಗುವ ಬಲಗಾಲು, ಎಲ್ಲ ಅವನದೇ. ಹಾಗಾದರೆ ಆ ಕೈಯೂ ಅವನದೇ. ನಲವತ್ತೈದು ವರ್ಷ ‘ನನ್ನ ಕೈ ನೆಟ್ಟಗಿತ್ತು’ ಎಂದು ಎದೆ ತಟ್ಟಿ ಹೇಳಿಕೊಂಡು ಬಂದವನು ಆ ತಂತಿ ಬೇಲಿ ಹಿಡಿದುಕೊಂಡು ನಿಂತೇಬಿಟ್ಟ.

ಕ್ಲೆಮ್ ಆಸ್ಟ್ರೇಲಿಯಾಕ್ಕೆ ಏಳು ಟೆಸ್ಟ್ ಆಡಿದವನು. ಮೂವತ್ತೊಂದು ವಿಕೆಟ್. ತಾಮ್ರದ ಗಣಿ ಮುಚ್ಚಿಹೋದ, ಗೋಧಿಯನ್ನು ಹಡಗಿಗೆ ತುಂಬುವುದೇ ಕೆಲಸವಾದ ಈ ಊರಿನಿಂದ ಹತ್ತೊಂಬತ್ತಕ್ಕೆ ಅಡಿಲೇಡಿಗೆ ಹೋದ. ಇಪ್ಪತ್ಮೂರಕ್ಕೆ ದೇಶದ ತಂಡದ ಹಸಿರು ಟೋಪಿ ತಲೆಗೇರಿತು. ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಬಂದ. ಅಲ್ಲಿನ ಮಳೆಯಲ್ಲಿ ಮೂರು ವಾರ ಇಸ್ಪೀಟಾಡಿ, ಬಿಸಿಲು ಬಿದ್ದ ಒಂದೇ ಮಧ್ಯಾಹ್ನ ಆರು ವಿಕೆಟ್ ಕಿತ್ತ. ಊರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಎರಡು ವರ್ಷದ ಮೇಲೆ ಅಡಿಲೇಡ್ ಟೆಸ್ಟಿನಲ್ಲಿ, ಸ್ವಂತ ಜನರ ಮುಂದೆ, ಬ್ಯಾಟ್ಸ್‌ಮನ್ನಿನ ಪಕ್ಕಕ್ಕೆ ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದ ಅಂಪೈರ್ ಒಂದೇ ಓವರಿನಲ್ಲಿ ನಾಲ್ಕು ಸಲ ‘ನೋ ಬಾಲ್’ ಎಂದು ಕೂಗಿದ. ಚೆಂಡು ಬೌಲ್ ಮಾಡುತ್ತಿಲ್ಲ, ಕೈ ಮಡಚಿ ಒಗೆಯುತ್ತಿದ್ದಾನೆ ಎಂದು ಅದರರ್ಥ. ಕ್ಯಾಪ್ಟನ್ ಅವನ ಹೆಗಲು ತಟ್ಟಿ ಚೆಂಡು ಇಸಿದುಕೊಂಡು ದೂರದ ಬೌಂಡರಿಗೆ ಕಳಿಸಿದ. ಕ್ಲೆಮ್ ಮತ್ತೆಂದೂ ದೇಶಕ್ಕೆ ಆಡಲಿಲ್ಲ.

ಕೂಗಿದವನು ಬೇರೆ ಯಾರೂ ಅಲ್ಲ, ಪೆನ್‌ಹೇಲಿನವನೇ, ಹೊರೇಸ್ ಟ್ರೆಲೋರ್. ಮನೆ ಮಗನಿಗೆ ಮನೆಯವನೇ ಕೊಡಲಿ ಹಾಕಿದ ಎಂದಿತು ಊರು. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಮೈದಾನದಂಚಿನ ಪೈನ್ ಮರದ ಕೆಳಗೆ ಒಂದು ಬೆಂಚಿದೆ. ಶನಿವಾರ ಶನಿವಾರ ಅವನೊಬ್ಬನೇ ಅಲ್ಲಿ ಕೂತು ಆಟ ನೋಡಿ ಎದ್ದುಹೋಗುತ್ತಿದ್ದ. ಕ್ಲೆಮ್ ಅವನೊಡನೆ ಒಂದು ಮಾತೂ ಆಡಲಿಲ್ಲ. ಆಟ ನಿಂತ ಮೇಲೆ ತಾನೂ ಊರಿನ ಪಂದ್ಯಗಳಿಗೆ ಅಂಪೈರ್ ಆದ; ಆದ ದಿನವೇ ಶಪಥ ಮಾಡಿದ: ಕೈ ಮಡಚಿತು ಅಂತ ಯಾವ ತಾಯಿ ಮಗನ ಮೇಲೂ ನಾನು ಕೂಗಲ್ಲ. ಮೂವತ್ತು ವರ್ಷ ಕೂಗಲಿಲ್ಲ.

ಮೊಮ್ಮಗಳ ಪಂದ್ಯಕ್ಕೆ ಮಾತ್ರ ಅಂಪೈರಾಗಿ ನಿಲ್ಲುತ್ತಿರಲಿಲ್ಲ. ಈ ಶನಿವಾರ ಬೇರೆ ಗತಿಯಿರಲಿಲ್ಲ. ನಿಲ್ಲಬೇಕಾಗಿದ್ದವನು ಮಂಡಿ ಕೊಯ್ಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಇಷ್ಟು ದಿನ ಅವಳ ಪಕ್ಕದಲ್ಲಿ ನಿಂತ ಅಂಪೈರುಗಳು ಕುರುಡರೇನಲ್ಲ. ಕಂಡಿರಬೇಕು. ಕ್ಲೆಮ್ ಪೆಂಗೆಲ್ಲಿಯ ಮೊಮ್ಮಗಳ ಮೇಲೆ ಆ ಕೂಗು ಕೂಗುವ ಗಂಡು ಈ ಊರಿನಲ್ಲಿ ಯಾರಿದ್ದಾನೆ?

ಶುಕ್ರವಾರ ಬೆಳಿಗ್ಗೆ ಅವನು ವೃದ್ಧಾಶ್ರಮದ ಜಗಲಿಗೆ ಹೋಗಿ ನಿಂತ. ತೊಂಬತ್ತೊಂದರ ಟ್ರೆಲೋರ್ ಗಾಲಿಕುರ್ಚಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದ.

“ಯಾರದು?”

“ಪೆಂಗೆಲ್ಲಿ.”

ಮುದುಕ ದನಿ ಬಂದ ಕಡೆ ಮುಖ ತಿರುಗಿಸಿದ. “ನಾನು ಸತ್ತ ಮೇಲೆ ಬರ್ತೀಯ ಅಂದ್ಕೊಂಡಿದ್ದೆ. ಗೋರಿ ಮೇಲೆ ಕುಣಿಯೋಕೆ.”

“ಅಷ್ಟು ಕಾಯೋ ತಾಳ್ಮೆ ನಂಗಿಲ್ಲ, ಮಿಸ್ಟರ್ ಟ್ರೆಲೋರ್. ನೀವು ಸಾಯೋ ಹಾಗೂ ಕಾಣಲ್ಲ.”

“ಕೂತ್ಕೋ ಬಾ. ಕಣ್ಣು ಹೋಗಿದೆ ನಂದು. ನಿನ್ನ ಮುಖ ನೋಡೋ ಭಾಗ್ಯ ಇಲ್ಲ.”

“ನನ್ನ ಕಣ್ಣು ಚೆನ್ನಾಗೇ ಇದೆ. ಬಂದಿರೋ ಕಷ್ಟನೇ ಅದು.”

ಕ್ಲೆಮ್ ಕೂತ. ನೆಟ್ಸಿನಲ್ಲಿ ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಆಮೇಲೆ ನಲವತ್ತೈದು ವರ್ಷದಿಂದ ಕೇಳದೆ ಉಳಿದಿದ್ದನ್ನು ಕೇಳಿದ: “ಅವತ್ತು ಅಡಿಲೇಡಲ್ಲಿ, ನಿಜವಾಗ್ಲೂ ಕಂಡಿತ್ತಾ ನಿಮಗೆ?”

“ಅಡಿಲೇಡಲ್ಲಾ?” ಮುದುಕ ತಲೆ ಅಲ್ಲಾಡಿಸಿದ. “ಇಲ್ಲೇ ಕಂಡಿತ್ತು ಕಣೋ. ನೀನು ಹದಿನಾಲ್ಕರ ಹುಡುಗ. ದೊಡ್ಡವರ ಫೈನಲ್ಲಿಗೆ ಮೊದಲ ಸಲ ನಿನ್ನ ಹಾಕ್ಕೊಂಡಿದ್ರು. ಸ್ಕ್ವೇರ್ ಲೆಗ್‌ನಲ್ಲಿ ನಾನು. ಮೂರನೇ ಓವರಲ್ಲಿ ಕಂಡುಬಿಡ್ತು. ಬಾಯಿ ತೆಗೆದೆ. ನಿಮ್ಮಮ್ಮ ಬೇಲಿ ಹತ್ರ ಕೂತಿದ್ಲು, ಕರೀ ಬಟ್ಟೆ ಹಾಕ್ಕೊಂಡು. ನಿಮ್ಮಪ್ಪ ತೀರ್ಕೊಂಡು ತಿಂಗಳಾಗಿರ್ಲಿಲ್ಲ. ಆ ಆಟ ಬಿಟ್ರೆ ಆ ಮನೇಲಿ ಬೇರೆ ಸಂತೋಷ ಇಲ್ಲ ಅಂತ ನನಗೆ ಗೊತ್ತಿತ್ತು. ಬಾಯಿ ಮುಚ್ಕೊಂಡೆ.”

ಕ್ಲೆಮ್ ತನ್ನ ಕುರ್ಚಿಯನ್ನು ಮುದುಕನ ಹತ್ತಿರಕ್ಕೆ ಎಳೆದುಕೊಂಡ.

“ಬೆಳೀತಾ ಸರಿಹೋಗತ್ತೆ ಅಂದ್ಕೊಂಡೆ. ಎಲ್ಲಿ ಸರಿಹೋಗತ್ತೆ? ಮುಂದಿನ ಊರಿನ ಅಂಪೈರು ಕಂಡು, ‘ಟ್ರೆಲೋರೇ ಸುಮ್ನಿದ್ನಲ್ಲ, ನನಗ್ಯಾಕೆ’ ಅಂದ. ಅಡಿಲೇಡಿನವನೂ ಅದೇ ಅಂದ. ಹೀಗೇ ನಿನ್ನ ಕೈ ದಾಟಿಸಿ ದಾಟಿಸಿ ಟೆಸ್ಟಿನ ತನಕ ತಂದ್ವಿ. ಕೊನೆಗೆ ನಾನೂ ಟೆಸ್ಟಿಗೆ ನಿಂತೆ. ನೀನು ಓಡಿಬಂದೆ. ನನ್ನ ತಪ್ಪೇ ಓಡಿಬಂದಂಗಾಯ್ತು.” ಮುದುಕ ಗಾಲಿಕುರ್ಚಿಯ ಹಿಡಿಕೆ ತಟ್ಟಿದ. “ಕೂಗಿದ್ದಕ್ಕೆ ನಾನು ಕ್ಷಮೆ ಕೇಳಲ್ಲ, ಕ್ಲೆಮ್. ಸತ್ರೂ ಕೇಳಲ್ಲ. ಹನ್ನೊಂದು ವರ್ಷ ಕೂಗದೇ ಇದ್ನಲ್ಲ, ಅದಕ್ಕೆ ಕೇಳ್ತೀನಿ.”

ಕ್ಲೆಮ್‌ಗೆ ಆಗ ಬಂದ ಸಿಟ್ಟು ಆ ನಲವತ್ತೈದು ವರ್ಷದಲ್ಲಿ ಬಂದಿರಲಿಲ್ಲ. ದ್ವೇಷ ಮಾಡುವುದಕ್ಕೆ ಒಬ್ಬನಾದರೂ ಇದ್ದ ಅಷ್ಟು ದಿನ. ಈಗ ನೋಡಿದರೆ ಇಡೀ ಊರು, ಪ್ರೀತಿಯಿಂದ, ಕೈ ಹಿಡಿದು ನಡೆಸಿಕೊಂಡು ಹೋಗಿ ಅವನನ್ನು ಮೂವತ್ತು ಸಾವಿರ ಜನರ ಮುಂದೆ ಬೀಳಿಸಿತ್ತು.

“ಅವತ್ತೇ ಹೇಳಿದ್ರೆ ಸರಿಹೋಗ್ತಿತ್ತಾ?” ಎಂದು ಕೇಳಿದ.

“ಯಾರಿಗೊತ್ತು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ. ನಿನ್ನದು ಗಿಡವಾಗಿದ್ದಾಗ ಯಾರೂ ಮುಟ್ಲಿಲ್ಲ.”

ಸಂಜೆ ಮಗಳು, ಟೀಗನ್‌ಳ ತಾಯಿ ರೋಸ್ಲಿನ್‌ಳ ಅಡಿಗೆಮನೆಯಲ್ಲಿ, ಮಾಂಸ ತುಂಬಿದ ಬಿಸಿ ಕಡುಬಿನ ತಟ್ಟೆ ಮುಂದಿಟ್ಟುಕೊಂಡು, ಕ್ಲೆಮ್ ವಿಷಯ ತೆಗೆದ. ಟೀಗನ್ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

“ತಾತ, ಇಷ್ಟು ವರ್ಷ ಯಾರೂ ಹೇಳಿಲ್ಲ ನಂಗೆ. ಒಬ್ರೂ!”

“ನಂಗೂ ಯಾರೂ ಹೇಳ್ಲಿಲ್ಲ.”

“ನಿಮಗೆ ಆಗಿದ್ದು ತಲೇಲಿ ಕೂತಿದೆ. ಎಲ್ಲರ ಕೈಯೂ ನಿಮಗೆ ಸೊಟ್ಟ ಕಾಣತ್ತೆ ಈಗ.”

ರೋಸ್ಲಿನ್ ತಂದೆಯ ತಟ್ಟೆಗೆ ಇನ್ನೊಂದು ಕಡುಬು ಹಾಕುತ್ತ ಮೆಲ್ಲಗೆ ಹೇಳಿದಳು: “ಅಪ್ಪ, ಬುಧವಾರ ಒಂದು ಕಳೀಲಿ. ಆಯ್ಕೆ ಆಗ್ಲಿ. ಆಮೇಲೆ ಅಲ್ಲಿನ ಕೋಚುಗಳು ನೋಡ್ಕೋತಾರೆ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಲ್ಲಿ ಅವರ ಕಣ್ಣಿಗೆ ಬಿದ್ರೆ ಕೈ ಎಷ್ಟು ಮಡಚತ್ತೆ ಅಂತ ಅಳೆಯೋ ಮಿಷಿನ್ ಮುಂದೆ ನಿಲ್ಲಿಸ್ತಾರಮ್ಮ. ಪೇಪರಲ್ಲಿ ಹಾಕ್ತಾರೆ. ಪೆಂಗೆಲ್ಲಿ ಮೊಮ್ಮಗಳೂ ಹಾಗೇ ಅಂತ.”

“ಶಾಪ ಹಾಕ್ಬೇಡಿ!”

ಟೀಗನ್ ಕುರ್ಚಿ ಹಿಂದೆ ತಳ್ಳಿ ಎದ್ದಳು. ಕಣ್ಣಲ್ಲಿ ನೀರು, ಆದರೆ ಮೂಗಿನ ತುದಿಯಲ್ಲಿ ಕೋಪ. “ನಾಳೆ ಸ್ಕ್ವೇರ್ ಲೆಗ್‌ನಲ್ಲಿ ನೀವೇ ಇರ್ತೀರಲ್ಲ. ಅಷ್ಟು ಚೆನ್ನಾಗಿ ಕಂಡ್ರೆ ಕೂಗಿ. ನೋಡೇಬಿಡೋಣ.” ತಾತ ಕೂಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಶಪಥ ಊರಿಗೆಲ್ಲ ಗೊತ್ತಿತ್ತು. ಮೂರು ಸಲ ಕೂಗಿದರೆ ಆ ಇನ್ನಿಂಗ್ಸಿನಲ್ಲಿ ಮತ್ತೆ ಬೌಲ್ ಮಾಡುವ ಹಾಗಿಲ್ಲ, ಅಡಿಲೇಡಿಗೆ ವರದಿ ಹೋಗುತ್ತದೆ, ಬುಧವಾರದ ಬಾಗಿಲು ಮುಚ್ಚಿದ ಹಾಗೇ, ಅದೂ ಗೊತ್ತಿತ್ತು.

ಶನಿವಾರ ಮರುಭೂಮಿಯ ಕಡೆಯಿಂದ ಬರುವ ಬಡಗಣ ಗಾಳಿ ಬೆಂಕಿ ಉಗುಳುತ್ತಿತ್ತು. ಬೌಂಡರಿ ಸುತ್ತ ಕಾರುಗಳು ಮುಂದಿನ ಗಾಲಿ ಬೇಲಿಗೆ ತಾಗಿಸಿ ನಿಂತಿದ್ದವು. ವಿಕೆಟ್ ಬಿದ್ದರೆ ಕೂತಲ್ಲಿಂದಲೇ ಹಾರ್ನ್ ಹೊಡೆಯುವುದು ಊರಿನ ವಾಡಿಕೆ. ಪೈನ್ ಮರದ ಕೆಳಗೆ ಟ್ರೆಲೋರನ ಗಾಲಿಕುರ್ಚಿ, ಪಕ್ಕದಲ್ಲಿ ಆ ಖಾಲಿ ಬೆಂಚು.

ಟೀಗನ್ ಮೊದಲ ಚೆಂಡನ್ನೇ ಜೋರಾಗಿ ಬಿಟ್ಟಳು. ನಡುವಿನ ಗೂಟ ಕಿತ್ತು ಹೋಯಿತು. ಹಾರ್ನುಗಳು ಒಮ್ಮೆಲೇ ಎದ್ದವು. ಅವುಗಳ ನಡುವೆ ಒಂದು ಒಡಕು ದನಿ ಕೇಳಿಸಿತು: “ನೋ ಬಾಲ್!”

ಕ್ಲೆಮ್‌ನ ಬಲಗೈ ಭುಜದ ಎತ್ತರಕ್ಕೆ ಚಾಚಿತ್ತು. ಈ ವಯಸ್ಸಿಗೆ ಪೂರ್ತಿ ನೆಟ್ಟಗಾಗದ ಕೈ ಅದು. ಹಾರ್ನುಗಳು ಒಂದೊಂದಾಗಿ ನಿಂತವು. ಇನ್ನೊಬ್ಬ ಅಂಪೈರ್ ಬಾಯಿ ತೆರೆದುಕೊಂಡು ಇವನನ್ನೇ ನೋಡಿದ. ಟೀಗನ್‌ಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಎರಡನೆಯದು ನಿಧಾನದ್ದು. ಕೈ ನೆಟ್ಟಗಿತ್ತು, ಕ್ಲೆಮ್ ಸುಮ್ಮನಿದ್ದ. ಹೀಗೇ ಬಿಡು ಮಗಳೇ, ಇವತ್ತು ಹೀಗೇ ಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆದರೆ ಪೆಂಗೆಲ್ಲಿ ರಕ್ತ ಎಲ್ಲಿ ಹೋಗುತ್ತದೆ? ಮೂರನೆಯದನ್ನು ಅವಳು ಹಲ್ಲು ಕಚ್ಚಿ ಬಿಟ್ಟಳು.

“ನೋ ಬಾಲ್!”

ಈಗ ಹಾರ್ನುಗಳು ಬೇರೆ ಥರ ಕೂಗಿದವು, ಉದ್ದಕ್ಕೆ, ನಿಲ್ಲಿಸದೆ. “ಲೋ ಮುದುಕ, ಅವಳು ನಿನ್ನ ಮೊಮ್ಮಗಳು ಕಣೋ!” “ಟ್ರೆಲೋರ್ ಎಷ್ಟು ಕುಡಿಸಿದ್ನೋ ನಿಂಗೆ?” ಎಲ್ಲಕ್ಕಿಂತ ಜೋರಾಗಿ ಅರಚುತ್ತಿದ್ದ ಒಂದು ಹಾರ್ನಿನ ಗುರುತು ಕ್ಲೆಮ್‌ಗೆ ಸಿಕ್ಕಿತು. ಅದು ರೋಸ್ಲಿನ್‌ಳ ಕಾರು. ಆ ಕಾರನ್ನು ಅವನೇ ಕೊಡಿಸಿದ್ದ.

ಟೀಗನ್ ಓಟದ ಗುರುತಿನಲ್ಲಿ ನಿಂತು ತಾತನನ್ನು ನೋಡಿದಳು. ನಿಧಾನದ್ದು ಬಿಟ್ಟಿದ್ದರೆ ಬುಧವಾರ ಉಳಿಯುತ್ತಿತ್ತು. ಅವಳು ಓಡಿಬಂದಳು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಟ್ಟಳು. ಮೂರನೆಯ ಸಲ ಕೂಗುವಾಗ ಕ್ಲೆಮ್‌ಗೆ ದನಿಯೇ ಹೊರಡಲಿಲ್ಲ. ಕೈ ಮಾತ್ರ ಚಾಚಿತು. ಅದೇ ಸಾಕಾಯಿತು.

ಕ್ಯಾಪ್ಟನ್ ಒಳ್ಳೆಯ ಹುಡುಗ. ಚೆಂಡು ಇಸಿದುಕೊಂಡು ಅವಳನ್ನು ಎಲ್ಲಿಗೆ ಕಳಿಸುವುದೋ ತಿಳಿಯದೆ, “ಬೌಂಡರಿಗೆ ಹೋಗ್ತೀಯಾ? ನೆರಳಿದೆ ಆ ಕಡೆ,” ಎಂದ. ಅವಳು ನೇರವಾಗಿ ನಡೆದು ಬಂದು ಸ್ಕ್ವೇರ್ ಲೆಗ್‌ನಲ್ಲಿ, ತಾತನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಅವನು ಆ ಜಾಗಕ್ಕೆ ಬಂದ ಓವರಿನಲ್ಲೆಲ್ಲ ಅವಳೂ ಅಲ್ಲಿಗೇ ಬಂದು ನಿಂತಳು. ಒಂದು ಗಂಟೆ ಹಾಗೇ ನಡೆಯಿತು. ಹಾರ್ನುಗಳು ದಣಿದು ಸುಮ್ಮನಾದವು.

ಟೀ ಹೊತ್ತಿಗೆ ಎರಡು ಓವರ್ ಇದ್ದಾಗ ಅವಳು ಬ್ಯಾಟ್ಸ್‌ಮನ್ ಕಡೆಯೇ ನೋಡುತ್ತ ಕೇಳಿದಳು: “ತಾತ, ಅವತ್ತು ನಿಮ್ಮ ಮೇಲೆ ಕೂಗಿದ ಮೇಲೆ ನಿಮ್ಮ ಪಕ್ಕ ಯಾರು ನಿಂತಿದ್ರು?”

ಈ ಪ್ರಶ್ನೆಯನ್ನು ಅವನ ಹೆಂಡತಿಯೂ ಕೇಳಿರಲಿಲ್ಲ, ಪೇಪರಿನವರೂ ಕೇಳಿರಲಿಲ್ಲ.

“ಯಾರೂ ಇರ್ಲಿಲ್ಲ ಮಗಳೇ. ಬೇಲಿ ಹತ್ರ ಒಬ್ಬನೇ ನಿಂತಿದ್ದೆ.”

“ಎಷ್ಟೊತ್ತು?”

“ಆಟ ಮುಗಿಯೋ ತನಕ. ಮೂರು ದಿನ.”

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. “ನಿಮ್ಮ ಮೇಲೆ ಸಿಟ್ಟಿದೆ ನಂಗೆ. ತುಂಬಾ ಇದೆ.”

“ಇರ್ಲಿ.”

“ಬುಧವಾರ ಹೋಯ್ತಲ್ವಾ?”

“ಹೋಯ್ತು.”

ಕೆಳತುಟಿ ಕಚ್ಚಿಕೊಂಡು ಒಂದು ಚೆಂಡು ಕಳೆಯುವ ತನಕ ನಿಂತಳು. “ಎಲ್ಲಿ ಮಡಚತ್ತೆ ಕೈ?”

“ಎಡಗಾಲು ಊರೋ ಮುಂಚೆ. ಜೋರು ಬೇಕು ಅನ್ನೋ ಆಸೆಗೆ.”

“ಸರಿಹೋಗತ್ತಾ?”

“ಗೊತ್ತಿಲ್ಲ. ಇಪ್ಪತ್ತೈದಕ್ಕೆ ಹೋಗ್ಲಿಲ್ಲ. ಹದಿನೇಳಕ್ಕೆ ಹೋದ್ರೂ ಹೋಗಬಹುದು.”

ಟೀ ಮೇಜಿನ ಹಿಂದಿದ್ದ ಹೆಂಗಸರು ಕ್ಲೆಮ್ ಬಂದೊಡನೆ ಬೆನ್ನು ತಿರುಗಿಸಿ ಬನ್ನುಗಳಿಗೆ ಜಾಮ್ ಹಚ್ಚತೊಡಗಿದರು. ಅವನು ತಾನೇ ಕೆಟಲ್ ಎತ್ತಿ ಮೂರು ಕಪ್ಪಿಗೆ ಬಗ್ಗಿಸಿಕೊಂಡ. ಎರಡನ್ನು ಅವನು ಹಿಡಿದ, ಒಂದನ್ನು ಟೀಗನ್ ಹಿಡಿದಳು. ಎಲ್ಲರ ಕಣ್ಣೆದುರೇ ಮೈದಾನ ದಾಟಿ ಇಬ್ಬರೂ ಪೈನ್ ಮರದ ಕಡೆ ನಡೆದರು.

ಮುದುಕ ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ. “ಕ್ಲೆಮ್? ಜೊತೇಲಿ ಇನ್ಯಾರು?”

“ನನ್ನ ಮೊಮ್ಮಗಳು.”

ಟ್ರೆಲೋರ್ ಪಕ್ಕದ ಬೆಂಚನ್ನು ಕೈಯಿಂದ ತಡಕಿ, ಬಿದ್ದಿದ್ದ ಎಲೆಗಳನ್ನು ಸವರಿ ಹಾಕಿದ. “ಕೂತ್ಕೋ ಮಗು,” ಎಂದ. “ಜಾಗ ಬೇಕಾದಷ್ಟಿದೆ. ನಲವತ್ತೈದು ವರ್ಷದಿಂದ ಇಲ್ಲಿ ನನ್ನ ಜೊತೆ ಯಾರೂ ಕೂತಿಲ್ಲ.”