ಕಬರಿಯ ಒಪ್ಪತ್ತು

ಶ್ರಾವಣದ ಮೂರನೆಯ ಸೋಮವಾರ ನಮ್ಮ ಬೆಕ್ಕು ಕಬರಿ ಹಾಲು ಮುಟ್ಟಲಿಲ್ಲ. ಅತ್ತೆ ಗದಿಗೆವ್ವನಿಗೆ ಹಿಗ್ಗೋ ಹಿಗ್ಗು.

“ಶಾಂಭವಿ, ನೋಡಿಲ್ಲಿ. ನನ್ನ ಕೂಡ ಇದೂ ಒಪ್ಪತ್ತು ಹಿಡದೈತಿ.”

ಅದರ ಹಣೆಗೆ ವಿಭೂತಿಯನ್ನೂ ಹಚ್ಚಿದರು. ಮರುದಿನವೂ ಅದು ತಿನ್ನಲಿಲ್ಲ. ಅಡುಗೆಮನೆಯ ದೇವರ ಜಗಲಿಯ ಕೆಳಗಿನ ಕತ್ತಲೆ ಸೇರಿ, ಗೋಡೆಗೆ ಮುಖ ಮಾಡಿ ಕೂತಿತು. ಬೆಟಗೇರಿಯ ನಮ್ಮ ಓಣಿಯ ಹೆಂಗಸರು ಬಂದು, ಬಗ್ಗಿ ನೋಡಿ, ಕೈಮುಗಿದು ಹೋದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ; ನಮ್ಮ ಮನೆಯಲ್ಲಿ ಪ್ರಾಣಸಂಕಟ ಬೆಕ್ಕಿನದೇ ಆಗಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಮಧ್ಯಾಹ್ನ ಅಡ್ಡಾಗಿದ್ದಾಗ ಕಬರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿ, ಗದಗಿನ ದನದ ಡಾಕ್ಟರು ಸ್ನೇಹಾ ಅವರ ಬಳಿ ಒಯ್ದೆ. ಬಾಯಿ ತೆರೆದರೆ ಒಳಗೆಲ್ಲ ಹುಣ್ಣು, ಕೊಳೆತ ವಾಸನೆ. ರಕ್ತ ಪರೀಕ್ಷಿಸಿ, ಎರಡೂ ಕಿಡ್ನಿ ಹೋಗಿವೆ ಎಂದರು.

“ಎಷ್ಟು ದಿನ ಇರತೈತ್ರಿ?”

“ದಿನಾ ಎಣಸಬ್ಯಾಡ್ರಿ. ಅದು ಮೊದಲ ಏನೇನು ಇಷ್ಟಪಟ್ಟು ಮಾಡತಿತ್ತು, ಈಗ ಅದರಾಗ ಏನು ಉಳದೈತಿ, ಅದನ್ನ ನೋಡ್ರಿ.”

ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಡಿ ಬರುತ್ತಿತ್ತು, ಈಗ ಬರುವುದಿಲ್ಲ. ಮೈ ನೆಕ್ಕಿಕೊಳ್ಳುವುದಿಲ್ಲ, ಕೂದಲು ಜಡೆಗಟ್ಟಿದೆ. ಮಾಳಿಗೆಯ ಬಿಸಿಲು ಬೇಡವಾಗಿದೆ. ಕರೆದರೆ ಕಿವಿ ಸಹ ಆಡಿಸುವುದಿಲ್ಲ. ಇಷ್ಟನ್ನೂ ಬೆರಳು ಮಡಚಿ ಎಣಿಸಿ ಹೇಳಿದೆ.

“ಇಂಜೆಕ್ಷನ್ ಕೊಟ್ಟು ನೋವಿಲ್ದಂಗ ಕಾಯಂ ಮಲಗಿಸಬಹುದ್ರಿ,” ಎಂದರು ಅವರು. “ಮನ್ಯಾಗ ಮಾತಾಡಿ ಫೋನ್ ಹಚ್ರಿ. ತಡಾ ಮಾಡಿದಷ್ಟು ಅದಕ್ಕ ತ್ರಾಸ.”

ವಿಷಯ ಕೇಳಿ ಅತ್ತೆ ಕೆಂಡವಾದರು. “ಬೆಕ್ಕು ಕೊಂದ ಮನಿ ಉದ್ಧಾರ ಆಗಂಗಿಲ್ಲ. ಕಡೀ ಸೋಮವಾರ ನಾನ ಒಪ್ಪತ್ತು ಬಿಡಸತೇನಿ, ತಿಂತೈತಿ.”

“ಬಾಯಾಗ ಹುಣ್ಣು ಅದಾವ್ರಿ ಅತ್ತಿ.”

“ವ್ರತಾ ಹಿಡದವ್ರಿಗೆ ಬಾಯಿ ಒಣಗತೈತಿ.”

ನನ್ನ ಗಂಡ ವೀರೇಶ ಎಂದಿನಂತೆ ಪೇಪರಿನ ಹಿಂದೆ ಅಡಗಿದ. ಅಂದಿನಿಂದ ಜಗಲಿಯ ಕೆಳಗೆ ಕಟಕಟ ಹಲ್ಲು ಕಡಿಯುವ ಸಪ್ಪಳ ಶುರುವಾಯಿತು. ಅತ್ತೆ ಅದನ್ನು ಜಪ ಎಂದರು. ನನಗೆ ಅಡುಗೆಮನೆಯಲ್ಲಿ ನಿಲ್ಲಲು ಭಯವಾಗುತ್ತಿತ್ತು.

ಕಡೆಯ ಸೋಮವಾರ ಓಣಿಯ ಹೆಂಗಸರೆಲ್ಲ ಸೇರಿದರು. ಅತ್ತೆ ಕಬರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಲ್ಲಿ ಕೆನೆ ಹಿಡಿದರು. ಅದು ಮೂಸಿತು. ಕುತ್ತಿಗೆ ಚಾಚಿ ಆಸೆಯಿಂದ ನೆಕ್ಕಿತು, ಚೀರಿತು. ಮುಂಗಾಲಿನಿಂದ ಬಾಯಿ ಕೆರೆದುಕೊಂಡಿತು. ಮತ್ತೆ ಕುತ್ತಿಗೆ ಚಾಚಿತು, ಮತ್ತೆ ಚೀರಿತು. ಕೆನೆಗೆ ರಕ್ತ ಹತ್ತಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು.

ಅತ್ತೆ ತಮ್ಮ ಬೆರಳನ್ನೇ ನೋಡಿದರು.

“ಇದಕ್ಕ ಹಸಿವು ಐತಲ್ಲವಾ.”

“ಮೊದಲಿಂದನೂ ಐತ್ರಿ.”

“ಡಾಕ್ಟರಬಾಯಿನ ಕರಿ. ಜಲ್ದಿ ಬಾ ಅನ್ನು.” ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಇದು ಹಸದು ಸಾಯಾಕತ್ತಿತ್ತು, ನಾ ಮಂದೀನ ಕರದು ಕೈ ಮುಗಸಾಕತ್ತಿದ್ದೆ.”

ನಾನು ಫೋನ್ ಹಚ್ಚಿದೆ.